ಹುದ್ದೆ ಗೊತ್ತಾಯಿತು, ಮನುಷ್ಯ ಗೊತ್ತಾಗಲಿಲ್ಲ

ಮಾನ್ಯ ಸಂಪಾದಕರೇ,

ಸಿಬ್ಬಂದಿಯನ್ನು ಪರಿಚಯಿಸುವ ಬರಹಗಳು ಈಚೆಗೆ ಅರ್ಜಿ ನಮೂನೆಯಂತೆ ಆಗಿಬಿಟ್ಟಿವೆ. ಓದಿದ್ದೇನು, ಕೆಲಸಕ್ಕೆ ಸೇರಿದ್ದು ಯಾವಾಗ, ಈಗಿನ ಹುದ್ದೆ ಯಾವುದು, ಅಷ್ಟೇ. ಹವ್ಯಾಸದ ಜಾಗದಲ್ಲಿ 'ಓದುವುದು, ಸಂಗೀತ ಕೇಳುವುದು' ಎಂಬ ಒಂದು ಸಾಲು. ಯಾವ ಸಂಗೀತ, ಯಾರು ಹಚ್ಚಿದ ಹುಚ್ಚು ಅದು? ನಮಗೆ ಬೇಕಾಗಿರುವುದು ಅದೇ ಅಲ್ವಾ?

ನನ್ನ ಪಕ್ಕದ ಮೇಜಿನಲ್ಲಿ 12 ವರ್ಷ ಲೆಕ್ಕ ಬರೆದವರು ಬರೀ ಕೂಗು ಕೇಳಿಯೇ ಹಕ್ಕಿಗಳನ್ನು ಗುರುತಿಸುತ್ತಾರೆ ಎಂಬುದು ನನಗೆ ತಿಳಿದದ್ದು ಅವರ ನಿವೃತ್ತಿಯ ದಿನ, ಯಾರೋ ಹೇಳಿದಾಗ. ಆ ಬೇಸರ ಇನ್ನೂ ಹೋಗಿಲ್ಲ. ಮೊದಲೇ ಗೊತ್ತಿದ್ದರೆ ಎಷ್ಟು ಮಾತಾಡಬಹುದಿತ್ತು!

ಬದುಕಿನ ಬಗ್ಗೆ ನಿಮ್ಮ ನಿಲುವೇನು ಎಂದು ನೇರವಾಗಿ ಕೇಳಿದರೆ ಯಾರಾದರೂ ಸುಮ್ನೆ ದೊಡ್ಡ ಮಾತು ಹೇಳಿಬಿಡುತ್ತಾರೆ. ಅದರ ಬದಲು, ಕೆಲಸ ಕೆಟ್ಟಾಗ ಏನು ಮಾಡಿದಿರಿ, ಕೈಹಿಡಿದು ಕಲಿಸಿದವರು ಯಾರು, ರಜೆಯ ದಿನ ಬೆಳಿಗ್ಗೆ ಎದ್ದ ತಕ್ಷಣ ಏನು ಮಾಡಬೇಕು ಅನಿಸುತ್ತದೆ ಎಂದು ಕೇಳಿ ನೋಡಿ. ನಿಲುವು ತಾನಾಗಿಯೇ ಹೊರಬರುತ್ತದೆ. ಅವರು ಆಡಿದ ಮಾತನ್ನು ಹಾಗೆಯೇ ಬರೆಯಿರಿ, ತಿದ್ದಿ ಚಂದ ಮಾಡುವುದು ಬೇಡ. ವಯಸ್ಸು, ಮನೆಯ ವಿಷಯ ಹೇಳಲು ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ.

ಮೇಲಧಿಕಾರಿಗಳ ಪರಿಚಯ ಈಗಾಗಲೇ ಜಾಸ್ತಿ ಬಂದಿದೆ. ಬಾಗಿಲು ಕಾಯುವವರು, ಕಸ ಗುಡಿಸುವವರು, ವಾಹನ ಓಡಿಸುವವರು, ಇವರ ಮುಖ ದಿನಾ ನೋಡುತ್ತೇವೆ, ಹೆಸರು ಗೊತ್ತಿಲ್ಲ. ಇಂಥವರಿಗಾಗಿ ನಿಮ್ಮ ಪತ್ರಿಕೆ ವಾರಕ್ಕೊಂದು ಚಿಕ್ಕ ಅಂಕಣ ಕೊಡಲಿ, ಅಚ್ಚಿಗೆ ಹೋಗುವ ಮೊದಲು ಬರಹವನ್ನು ಅವರಿಗೇ ಒಮ್ಮೆ ಓದಿ ಹೇಳಲಿ.

– ಒಬ್ಬ ಓದುಗ