ಭಾನುವಾರ ರಾತ್ರಿಯಿಂದ ನಿಮ್ಮ ಸೈಟಿನ ಪಿಎಚ್‌ಪಿ ಅಪಾಚೆಯಿಂದ ಹೊರಗೆ ಓಡುತ್ತೆ

ಎಲ್ಲ ಗ್ರಾಹಕರಿಗೂ ನಮಸ್ಕಾರ,

ಈ ಭಾನುವಾರ ರಾತ್ರಿ 11 ಗಂಟೆ ಮೇಲೆ ನಮ್ಮ ಶೇರ್ಡ್ ಸರ್ವರ್‌ಗಳಲ್ಲಿ ಮಾಡ್ ಪಿಎಚ್‌ಪಿ ತೆಗೆದು ಪಿಎಚ್‌ಪಿ ಎಫ್‌ಪಿಎಂ ಹಾಕ್ತಿದೀವಿ. ಪಿಎಚ್‌ಪಿ ಅಂದ್ರೆ ನಿಮ್ಮ ಸೈಟಿನ ಕೋಡ್ ಓಡಿಸೋದು, ಅಪಾಚೆ ಅಂದ್ರೆ ಪೇಜ್ ಕಳಿಸೋ ವೆಬ್ ಸರ್ವರ್; ಮಾಡ್ ಪಿಎಚ್‌ಪಿ ಅಪಾಚೆ ಒಳಗೇ ಓಡುತ್ತೆ, ಎಫ್‌ಪಿಎಂ ಹೊರಗೆ ಬೇರೆಯಾಗಿ ಓಡುತ್ತೆ. ತುಂಬಾ ಜನಕ್ಕೆ ವ್ಯತ್ಯಾಸನೇ ಗೊತ್ತಾಗಲ್ಲ, ಆದ್ರೆ ಎಚ್‌ಟಿಆಕ್ಸೆಸ್ ಫೈಲಲ್ಲಿ (ಸೈಟಿನ ಫೋಲ್ಡರಲ್ಲಿರೋ ಅಪಾಚೆ ಸೆಟ್ಟಿಂಗ್ ಫೈಲ್) ಪಿಎಚ್‌ಪಿ ಸೆಟ್ಟಿಂಗ್ ಬರ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ, ಇಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಸೈಟ್ ಬದಲು 500 ಎರರ್ ಕಾಣುತ್ತೆ.

ಯಾಕೆ ಈ ಕೆಲಸ ಅಂದ್ರೆ, ಸ್ವಲ್ಪ ದಿನದಿಂದ ಒಂದು ಸರ್ವರ್‌ನ ಎರರ್ ಲಾಗಲ್ಲಿ ಸೆಗ್ಮೆಂಟೇಷನ್ ಫಾಲ್ಟ್ (11), ಅಂದ್ರೆ ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿ ಸತ್ತಿದೆ, ಅಂತ ಸಾಲು ಮೇಲೆ ಸಾಲು ಬೀಳ್ತಿತ್ತು. ಆ ಸಾಲಲ್ಲಿ ಇರೋದು ಪ್ರೋಸೆಸ್ ನಂಬರ್ ಅಷ್ಟೇ, ಯಾವ ಸೈಟು ಯಾವ ಪೇಜು ಅಂತ ಏನೂ ಇಲ್ಲ. ಯಾರು ಯಾವ ಪೇಜ್ ಕೇಳಿದ್ರು ಅಂತ ಬರೆದಿಡೋ ಆಕ್ಸೆಸ್ ಲಾಗಲ್ಲೂ ಸಿಗಲ್ಲ, ಯಾಕಂದ್ರೆ ಅಪಾಚೆ ಅದನ್ನ ಬರೆಯೋದು ರಿಕ್ವೆಸ್ಟ್ ಮುಗಿದ್ಮೇಲೆ, ಇಲ್ಲಿ ಮುಗಿಯೋಕೆ ಮುಂಚೆನೇ ಪ್ರೋಸೆಸ್ ಸತ್ತಿರುತ್ತೆ. ವಠಾರಕ್ಕೆಲ್ಲ ಒಂದೇ ಫ್ಯೂಸ್ ಇದ್ದು ಅದು ಹಾರ್ತಾ ಇದ್ರೆ ಯಾರ ಮನೆ ಹೀಟರ್ ಅಂತ ಹೇಳೋದು ಹೇಗೆ, ಹಾಗಾಯ್ತು.

ಕೊನೆಗೆ ಕೈ ಹಿಡಿದಿದ್ದು ಮಾಡ್ ಲಾಗ್ ಫೊರೆನ್ಸಿಕ್ ಅನ್ನೋ ಅಪಾಚೆ ಮಾಡ್ಯೂಲ್. ರಿಕ್ವೆಸ್ಟ್ ಬಂದಾಗ ಪ್ಲಸ್ ಹಾಕಿ ಒಂದು ಸಾಲು ಬರೆಯುತ್ತೆ, ಮುಗಿದಾಗ ಅದೇ ಐಡಿಗೆ ಮೈನಸ್ ಹಾಕಿ ಇನ್ನೊಂದು. ಮೈನಸ್ ಇಲ್ಲದೆ ಉಳಿದಿದ್ದೆಲ್ಲ ಒಂದೇ ಅಂಗಡಿ ಸೈಟಿನ ಒಂದೇ ಪೇಜು. ಅದನ್ನ ಟೆಸ್ಟ್ ಮಷೀನಿಗೆ ಕಾಪಿ ಮಾಡಿ, ಅಪಾಚೆನ ಒಂದೇ ಪ್ರೋಸೆಸ್‌ನಲ್ಲಿ ಜಿಡಿಬಿ ಅನ್ನೋ ಡಿಬಗರ್ ಕೆಳಗೆ ಓಡಿಸಿದ್ರೆ ಪ್ರತಿ ಸಲ ಅದೇ ಜಾಗದಲ್ಲಿ ಬಿತ್ತು, ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ) ತುಂಬಾ ಅದೇ ನಾಲ್ಕೈದು ಫಂಕ್ಷನ್ ಸುತ್ತಿ ಸುತ್ತಿ. ಅಡ್ಮಿನ್‌ನಲ್ಲಿ ಯಾರೋ "ಸೀರೆ" ಕೆಟಗರಿನ "ರೇಷ್ಮೆ" ಒಳಗೆ ಹಾಕಿದ್ರು, "ರೇಷ್ಮೆ" ಮೊದಲೇ "ಸೀರೆ" ಒಳಗಿತ್ತು! ಥೀಮ್ ಅರೇ ಮ್ಯಾಪ್ (ಪಟ್ಟಿಯಲ್ಲಿರೋ ಒಂದೊಂದಕ್ಕೂ ಒಂದು ಫಂಕ್ಷನ್ ಓಡಿಸೋದು) ಹಾಕಿ ಒಳಗಿನ ಕೆಟಗರಿ ಹುಡುಕ್ತಾ ಹೋಗಿ ಹೊರಗೆ ಬರ್ಲೇ ಇಲ್ಲ. ಮಾಮೂಲಿ ಫಂಕ್ಷನ್ ಹೀಗೆ ತನ್ನನ್ನೇ ಕರ್ಕೊಂಡ್ರೆ ಮೆಮೊರಿ ಲಿಮಿಟ್ ದಾಟಿ ನೆಟ್ಟಗೆ ಒಂದು ಎರರ್ ಕೊಡುತ್ತೆ, ಅರೇ ಮ್ಯಾಪ್ ಮೂಲಕ ಹೋದ್ರೆ ಮಾತ್ರ ಪ್ರತಿ ಸುತ್ತೂ ಸಿ ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಅಂತ ಇರೋ ಮಿತಿಯ ಮೆಮೊರಿ) ತಿನ್ನುತ್ತೆ, ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 8 ಎಂಬಿ, ತುಂಬಿದ್ರೆ ಒಂದ್ ಮಾತೂ ಇಲ್ಲದೆ ಸಾಯುತ್ತೆ.

ಎಫ್‌ಪಿಎಂ ಹಾಕಿದ್ರೆ ಇಂಥ ಕೋಡ್ ಸರಿ ಹೋಗುತ್ತೆ ಅಂತಲ್ಲ. ಆದ್ರೆ ಒಂದೊಂದು ಸೈಟಿಗೂ ಬೇರೆ ಪೂಲ್ (ಅದರದ್ದೇ ಪಿಎಚ್‌ಪಿ ಪ್ರೋಸೆಸ್‌ಗಳ ಗುಂಪು) ಇರುತ್ತೆ, ಕ್ರ್ಯಾಶ್ ಆದ್ರೆ ಲಾಗಲ್ಲಿ ಪೂಲ್ ಹೆಸರೇ ಬರುತ್ತೆ, ನೋಡೋರಿಗೆ ಖಾಲಿ ಪೇಜ್ ಬದಲು 503 ಎರರ್ ಕಾಣುತ್ತೆ, ಆ 503 ಆಕ್ಸೆಸ್ ಲಾಗಲ್ಲೂ ಇರುತ್ತೆ. ಜೊತೆಗೆ ಪಿಎಚ್‌ಪಿ ನಿಮ್ಮ ಯೂಸರ್ ಹೆಸರಲ್ಲೇ ಓಡೋದ್ರಿಂದ ಫೋಲ್ಡರಿಗೆ 777 (ಯಾರು ಬೇಕಾದ್ರೂ ಬರೆಯಬಹುದು ಅನ್ನೋ ಪರ್ಮಿಷನ್) ಕೊಡೋ ಚಾಳಿ ಇನ್ನು ಬೇಡ, ಕೊಟ್ಟಿದ್ರೆ 755 (ನೀವು ಮಾತ್ರ ಬರೆಯಬಹುದು) ಮಾಡ್ಕೊಳ್ಳಿ. ಪಿಎಚ್‌ಪಿ 8.3 ಅಥವಾ ಮೇಲಿನದಕ್ಕೆ ಹೋದ್ರೆ ಇನ್ನೂ ಒಳ್ಳೇದು, ಸ್ಟ್ಯಾಕ್ ತುಂಬೋಕೆ ಮುಂಚೆನೇ ಅದು ಎರರ್ ಎಸೆಯುತ್ತೆ.

ಈಗ ನಿಮ್ಮ ಕೆಲಸ. ಎಚ್‌ಟಿಆಕ್ಸೆಸ್‌ನಲ್ಲಿ ಪಿಎಚ್‌ಪಿ ವ್ಯಾಲ್ಯೂ, ಪಿಎಚ್‌ಪಿ ಫ್ಲ್ಯಾಗ್ ಅಂತ ಶುರುವಾಗೋ ಸಾಲಿದ್ರೆ ತೆಗೆದು, ಸೈಟಿನ ಮೇನ್ ಫೋಲ್ಡರಲ್ಲಿ ಡಾಟ್ ಯೂಸರ್ ಡಾಟ್ ಐಎನ್‌ಐ ಅಂತ ಫೈಲ್ ಮಾಡಿ ಅದೇ ಸೆಟ್ಟಿಂಗನ್ನ ಮಧ್ಯೆ ಈಕ್ವಲ್ ಚಿಹ್ನೆ ಹಾಕಿ ಬರೀರಿ. ಬರೆದ ತಕ್ಷಣ ಬದಲಾಗಲ್ಲ, 5 ನಿಮಿಷ ಕಾಯ್ಬೇಕು. ಆ ಸಾಲುಗಳು ಇಫ್ ಮಾಡ್ಯೂಲ್ (ಆ ಮಾಡ್ಯೂಲ್ ಇದ್ರೆ ಮಾತ್ರ ಓದು ಅನ್ನೋ ಷರತ್ತು) ಒಳಗಿದ್ರೆ 500 ಬರಲ್ಲ, ಸುಮ್ನೆ ಲೆಕ್ಕಕ್ಕಿಲ್ಲದ ಹಾಗೆ ಬಿದ್ದಿರುತ್ತೆ, ಫೋಟೋ ಅಪ್‌ಲೋಡ್ ಯಾಕೆ ಆಗ್ತಿಲ್ಲ ಅಂತ ಒಂದು ವಾರ ಬಿಟ್ಟು ತಲೆ ಕೆಡಿಸ್ಕೊಳ್ತೀರ, ಅದನ್ನೂ ನೋಡ್ಕೊಳ್ಳಿ.

ಮೊದಲೇ ಟೆಸ್ಟ್ ಮಾಡ್ಬೇಕು ಅನ್ನೋರು ಶುಕ್ರವಾರದೊಳಗೆ ಟಿಕೆಟ್ ಹಾಕಿ, ನಿಮ್ಮ ಸೈಟನ್ನ ಮುಂಚೆನೇ ಬದಲಾಯಿಸಿ ಕೊಡ್ತೀವಿ. ಫೈಲ್ ಮುಟ್ಟೋಕೆ ಭಯ ಆದ್ರೂ ಟಿಕೆಟ್ ಹಾಕಿ, ನಾವೇ ಮಾಡ್ತೀವಿ, ಚಾರ್ಜ್ ಇಲ್ಲ.

ಇಂತಿ,
ನಿಮ್ಮ ಹೋಸ್ಟಿಂಗ್ ಟೀಮ್