ಸ್ಪಿನ್ ಬೈಕಿಗೆ ಫ್ರೀವೀಲ್ ಇಲ್ಲ, ಮೊದಲ ದಿನವೇ ಹೇಳಿಕೊಡಿ

ಮಾನ್ಯ ಸಂಪಾದಕರೇ,

ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್‌, ಮೇ ತಿಂಗಳಲ್ಲಿ ಬಳ್ಳಾರಿಯವರು ರಸ್ತೆ ಬಿಟ್ಟು ಜಿಮ್ಮಿನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲಿನ, ಅಂದರೆ ಸ್ಪಿನ್ ಬೈಕಿನ ತರಗತಿಗೆ ಹೋದರೆ ತಪ್ಪೇನಿಲ್ಲ. ಆದರೆ ‘ಸೈಕಲ್ ಬರುತ್ತಲ್ಲ, ಹತ್ತಿ ತುಳೀರಿ’ ಎಂದು ಹೊಸಬರನ್ನು ಕೂರಿಸಿಬಿಡುವುದು ತಪ್ಪು.

ರಸ್ತೆ ಸೈಕಲ್ಲಿಗೆ ಫ್ರೀವೀಲ್ ಇರುತ್ತದೆ. ಕಾಲು ನಿಂತರೂ ಗಾಲಿ ಉರುಳುತ್ತದೆ. ಬಹುತೇಕ ಸ್ಪಿನ್ ಬೈಕುಗಳಲ್ಲಿ ಪೆಡಲಿಗೂ ಸಾಮಾನ್ಯವಾಗಿ 15ರಿಂದ 20 ಕೆ.ಜಿ. ತೂಗುವ ಫ್ಲೈವೀಲ್ ಎಂಬ ಭಾರದ ಚಕ್ರಕ್ಕೂ ನೇರ ಗಂಟು. ನೀವು ನಿಲ್ಲಿಸಿದರೂ ಪೆಡಲ್ ನಿಲ್ಲದೆ ಕಾಲನ್ನು ಎಳೆದುಕೊಂಡೇ ತಿರುಗುತ್ತದೆ. ಮಂಡಿಗೆ ಪೆಟ್ಟಾಗುವುದು, ಜಾರಿದ ಪಾದಕ್ಕೆ ಪೆಡಲ್ ಬಡಿಯುವುದು ಆಗಲೇ. ಹೆಚ್ಚಿನ ಯಂತ್ರಗಳಲ್ಲಿ ಬಿಗಿ ಹೆಚ್ಚಿಸುವ ಗುಂಡಿಯೇ ಬ್ರೇಕು. ಕೆಳಕ್ಕೆ ಒತ್ತಿದರೆ ಚಕ್ರ ನಿಲ್ಲುತ್ತದೆ. ಇದನ್ನು ಹೊಸಬರ ಕೈಯಿಂದಲೇ ಮಾಡಿಸಿದ ಮೇಲೆಯೇ ಪಾದದ ಪಟ್ಟಿ ಕಟ್ಟಿಸಬೇಕು. ಬಿಗಿ ಪೂರ್ತಿ ಸಡಿಲಿಸಿ ನಿಮಿಷಕ್ಕೆ 110 ಸುತ್ತು ದಾಟಿಸುವುದು ವ್ಯಾಯಾಮವಲ್ಲ. ಕುಂಡಿ ಸೀಟಿನ ಮೇಲೆ ಕುಣಿಯತೊಡಗಿತೆಂದರೆ ಚಕ್ರವೇ ಕಾಲನ್ನು ತಿರುಗಿಸುತ್ತಿದೆ ಎಂದು ತಿಳಿಯಿರಿ.

ಪಕ್ಕದಲ್ಲಿ ನಿಂತಾಗ ಸೀಟು ಸೊಂಟದ ಎಲುಬಿನ ಮಟ್ಟಕ್ಕಿರಲಿ. ಕೂತು, ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತುಸು ಬಾಗಿರುತ್ತದೆ. ಸೀಟು ತಗ್ಗಾದರೆ ಮಂಡಿಯ ಮುಂದೆ ನೋವು, ಎತ್ತರವಾದರೆ ಹಿಂದೆ.

ಹೊರಗೆ ಎದುರು ಗಾಳಿ ಬೆವರನ್ನು ಆರಿಸುತ್ತದೆ. ಒಳಗೆ ಫ್ಯಾನ್ ಇಲ್ಲದಿದ್ದರೆ ಬೆವರು ಬರೀ ಸುರಿಯುತ್ತದೆ, ಮೈ ತಣಿಯದು, ಅಷ್ಟೇ ಶ್ರಮಕ್ಕೆ ಎದೆಬಡಿತ ಏರುತ್ತದೆ. ಕರೆಂಟು ಹೋದರೂ ಬೈಕು ತಿರುಗುತ್ತದೆ, ಫ್ಯಾನ್ ತಿರುಗದು. ಆಗ ತರಗತಿ ನಿಲ್ಲಿಸುವುದೇ ಸರಿ. ಹೊಸಬರಿಗೆ ಮೊದಲ ದಿನ 15–20 ನಿಮಿಷ ಸಾಕು. ಹಟಕ್ಕೆ ಬಿದ್ದು ಮುಕ್ಕಾಲು ಗಂಟೆ ತುಳಿದು, ಮರುದಿನ ತೊಡೆ ಊದಿ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಅದು ಬರೀ ಮೈಕೈ ನೋವಲ್ಲ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿರಬಹುದು, ಮೂತ್ರಪಿಂಡಕ್ಕೆ ಅಪಾಯ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು, ಮೂರು ತಿಂಗಳು ಸ್ಪಿನ್ ಮಾಡಿದವರು ನೇರ ಹೊಸಪೇಟೆ ರಸ್ತೆಗೆ ಇಳಿಯಬೇಡಿ. ದಮ್ಮು ಬೆಳೆದಿರುತ್ತದೆ, ಆದರೆ ಸಮತೋಲನ, ಬ್ರೇಕು, ಹಿಂದೆ ಬರುವ ಅದಿರಿನ ಲಾರಿಯನ್ನು ಹ್ಯಾಂಡಲ್ ಅಲುಗಿಸದೆ ತಿರುಗಿ ನೋಡುವುದು ಬಂದಿರುವುದಿಲ್ಲ. ಎದುರುಗಾಳಿಯ ಲೆಕ್ಕವೂ ಒಳಗಿಲ್ಲ: ವೇಗ ಇಮ್ಮಡಿಯಾದರೆ ಗಾಳಿ ಸೀಳಲು ಎಂಟು ಪಟ್ಟು ಶಕ್ತಿ ಬೇಕು. ಮಳೆಗಾಲದಲ್ಲಿ ಮೋಕಾ ಕಡೆಯ ಹೊಲದ ದಾರಿ ಹಿಡಿದರೆ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯೇ ತಿರುಗದು.

ಪಂಕ್ಚರ್ ಆದಾಗ ಟ್ಯೂಬು ಮಾತ್ರ ಬದಲಿಸಿದರೆ ಹತ್ತು ಹೆಜ್ಜೆಗೆ ಮತ್ತೆ ಗಾಳಿ ಹೋಗುತ್ತದೆ, ಏಕೆಂದರೆ ಜಾಲಿಮುಳ್ಳಿನ ಮೊನೆ ಟೈರಿನಲ್ಲೇ ಮುರಿದು ಕೂತಿರುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ ಆ ಮೊನೆಯನ್ನು ಕಿತ್ತು ತೆಗೆಯಬೇಕು. ರಸ್ತೆಯಂಚಿನ ಬಳ್ಳಾರಿ ಜಾಲಿ ಕಡಿಸುವವರು ಕೊಂಬೆಗಳನ್ನು ಅಲ್ಲೇ ಬಿಡದೆ ಅಂದೇ ಸಾಗಿಸಲಿ.

– ಸೈಕಲ್ ಸವಾರರು, ಬಳ್ಳಾರಿ