ಇಲ್ಲದ ಪುಸ್ತಕಗಳ ಪಟ್ಟಿ

ನಲ್ಮೆಯ ಕೂಟದ ಬಂಧುಗಳೇ,

ಶಾಲೆಗಳಿಗೆ ರಜೆ ಬಿಟ್ಟಾಯಿತು. ಲೈಬ್ರರಿಗಳಲ್ಲಿ ಮಕ್ಕಳು ಸಮ್ಮರ್ ರೀಡಿಂಗ್ ಹಾಳೆ ಹಿಡಿದು ಓಡಾಡುತ್ತಿದ್ದಾರೆ. ಓದಿದ ಪುಸ್ತಕದ ಹೆಸರು ಬರೆದುಕೊಳ್ಳಬೇಕು, ಹಾಳೆ ತುಂಬಿದರೆ ಬಹುಮಾನ. ಅಮೆರಿಕದ ರೂಢಿಗಳಲ್ಲಿ ನನಗೆ ಮನಸಾರೆ ಮೆಚ್ಚುಗೆಯಾದದ್ದು ಇದು. ಓದನ್ನು ಇವರು ಊರೊಟ್ಟಿನ ಕೆಲಸ ಮಾಡಿಕೊಂಡರು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ದುಡ್ಡಿನಿಂದ ಈ ದೇಶದಲ್ಲಿ 1,689 ಗ್ರಂಥಾಲಯಗಳು ಎದ್ದವು. ಆದರೆ ಅವನ್ನು ವರ್ಷವರ್ಷವೂ ನಡೆಸುವ ಖರ್ಚು ಊರಿನ ತೆರಿಗೆಯಿಂದಲೇ ಬರಬೇಕೆಂಬ ಕರಾರಿತ್ತು. ನಮ್ಮ ಶಿಕಾಗೋದ್ದು ಇನ್ನೂ ಚೆಂದದ ಕಥೆ. 1871ರ ಬೆಂಕಿಯಲ್ಲಿ ನಗರ ಸುಟ್ಟಾಗ ಇಂಗ್ಲೆಂಡಿನ ಜನ ಸುಮಾರು 8,000 ಪುಸ್ತಕ ಕಳಿಸಿಕೊಟ್ಟರು. 1873ರಲ್ಲಿ ಸಾರ್ವಜನಿಕ ಗ್ರಂಥಾಲಯದ ಬಾಗಿಲು ತೆರೆದದ್ದು ಒಂದು ಹಳೆಯ ನೀರಿನ ಟ್ಯಾಂಕಿನಲ್ಲಿ!

ಇದೇ ಊರಿನಲ್ಲಿ 2025ರ ಮೇ ತಿಂಗಳಲ್ಲಿ ನಡೆದದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಶಿಕಾಗೋ ಸನ್-ಟೈಮ್ಸ್‌ನ ಭಾನುವಾರದ ಪುರವಣಿಯಲ್ಲಿ ಬೇಸಿಗೆ ಓದಿಗೆಂದು 15 ಪುಸ್ತಕಗಳ ಪಟ್ಟಿ ಬಂತು. ಅದರಲ್ಲಿ 10 ಪುಸ್ತಕಗಳು ಪ್ರಪಂಚದಲ್ಲೇ ಇಲ್ಲ! ಲೇಖಕರು ನಿಜ, ಪುಸ್ತಕಗಳು ಮಾತ್ರ ಎಐ ಕಟ್ಟಿದ ಕಲ್ಪನೆ, ಜೊತೆಗೆ ಬಾಯಲ್ಲಿ ನೀರೂರಿಸುವಂಥ ಕಥಾಸಾರ ಬೇರೆ. ಪಟ್ಟಿ ಬರೆದವರು ಪರೀಕ್ಷಿಸಲಿಲ್ಲ. ಪುರವಣಿ ಹೊರಗಿನ ಸಂಸ್ಥೆಯಿಂದ ಬಂದದ್ದಾದ್ದರಿಂದ ಪತ್ರಿಕೆಯಲ್ಲೂ ಯಾರೂ ನೋಡಲಿಲ್ಲ. ಕೊನೆಗೆ ಹಿಡಿದವರು ಓದುಗರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಆ ಪತ್ರಿಕೆಯ ಸುಮಾರು ಶೇ. 20ರಷ್ಟು ಸಿಬ್ಬಂದಿ ಪರಿಹಾರದ ಹಣ ಪಡೆದು ಕೆಲಸ ಬಿಟ್ಟಿದ್ದರು. ಕಣ್ಣಾಡಿಸುವವರನ್ನು ಕಳಿಸಿಕೊಟ್ಟ ಮೇಲೆ ಸತ್ಯವನ್ನು ಕಾಯುವವರು ಯಾರು?

ಪತ್ರಿಕೆ ತಪ್ಪನ್ನು ಮುಚ್ಚಿಡಲಿಲ್ಲ, ಹೇಗಾಯಿತೆಂದು ವಿವರಿಸಿತು, ಆ ಸಂಚಿಕೆಯ ಹಣವನ್ನು ಚಂದಾದಾರರಿಂದ ತೆಗೆದುಕೊಳ್ಳುವುದಿಲ್ಲವೆಂದಿತು. ಅದನ್ನು ನಾನು ಗೌರವಿಸುತ್ತೇನೆ. ಆದರೂ ಸಮಯ ನೋಡಿ. ಅಮೆರಿಕನ್ನರ ಅಭಿಪ್ರಾಯ ಕೇಳುವ ಗ್ಯಾಲಪ್ ಸಮೀಕ್ಷೆಯಲ್ಲಿ ಮಾಧ್ಯಮಗಳನ್ನು ನಂಬುತ್ತೇವೆ ಎಂದವರು 1976ರಲ್ಲಿ ಶೇ. 72 ಇದ್ದರು, 2025ರಲ್ಲಿ ಶೇ. 28. ಈ ದೇಶದಲ್ಲಿ ವರ್ಷಕ್ಕೆ ಒಂದಾದರೂ ಪುಸ್ತಕ ಓದಿದ ವಯಸ್ಕರು 2012ರಲ್ಲಿ ಶೇ. 54.6 ಇದ್ದವರು 2022ಕ್ಕೆ ಶೇ. 48.5ಕ್ಕೆ ಇಳಿದಿದ್ದಾರೆ. ಪುಸ್ತಕ ಹುಡುಕಿಕೊಂಡು ಬಂದ ಅಷ್ಟಿಷ್ಟು ಜನರಿಗೂ ಸುಳ್ಳು ಪಟ್ಟಿ ಕೊಟ್ಟರೆ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಪೇಪರು ಬರುತ್ತಿದ್ದದ್ದು ಹನ್ನೊಂದು ಗಂಟೆಯ ಬಸ್ಸಿಗೆ. ಅಜ್ಜ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು, ಕೆಲಸಕ್ಕೆ ಬಂದವರೂ ಅಂಗಳದಲ್ಲಿ ನಿಂತು ಕೇಳುತ್ತಿದ್ದರು. ಆಗ ಎಸ್ಸೆಸ್ಸೆಲ್ಸಿ ಫಲಿತಾಂಶದ ನಂಬರುಗಳು ಪೇಪರಿನಲ್ಲೇ ಬರುತ್ತಿದ್ದವು. ದೊಡ್ಡಪ್ಪನ ಮಗ ಶ್ರೀಧರಣ್ಣನ ವರ್ಷ ಅಜ್ಜ ಬೆರಳಿಟ್ಟು ಸಾಲು ಸಾಲೇ ಹುಡುಕಿದರು. ಹಿಂದಿನ ನಂಬರಿತ್ತು, ಮುಂದಿನದಿತ್ತು, ಅಣ್ಣನದಿಲ್ಲ. ಅಣ್ಣ ತೋಟಕ್ಕೆ ಹೋದವನು ಕತ್ತಲಾದರೂ ಬರಲಿಲ್ಲ. ದೊಡ್ಡಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ಪೇಪರು ತಪ್ಪಿರಬಹುದು ಅಂತ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಅಚ್ಚಾದದ್ದರ ಮೇಲೆ ಅಷ್ಟು ಭರವಸೆ. ಮಾರನೇ ದಿನ ಮೇಷ್ಟ್ರು ಶಾಲೆಗೆ ಬಂದ ಪಟ್ಟಿ ನೋಡಿ ಓಡಿ ಬಂದರು: "ಹುಡುಗ ಪಾಸು, ಸೆಕೆಂಡ್ ಕ್ಲಾಸು!" ಅಜ್ಜನಿಗೆ ಎಲ್ಲಿಲ್ಲದ ಸಿಟ್ಟು. "ನಾಳೆಯಿಂದ ಆ ಪೇಪರು ಈ ಮನೆ ಮೆಟ್ಟಿಲು ಹತ್ತೋದು ಬೇಡ" ಅಂದರು. ಆದರೆ ಮೂರನೇ ದಿನದ ಪೇಪರಿನಲ್ಲಿ, ಫಲಿತಾಂಶ ಬಂದಿದ್ದ ಪುಟದಲ್ಲೇ, ಬಿಟ್ಟುಹೋದ ನಂಬರುಗಳ ತಿದ್ದುಪಡಿ ಬಂತು. ಅಜ್ಜ ಎರಡು ಸಲ ಓದಿದರು, ಕತ್ತರಿಸಿ ಪಂಚಾಂಗದೊಳಗಿಟ್ಟರು. ಪೇಪರು ನಿಲ್ಲಿಸುವ ಮಾತು ಮತ್ತೆ ಎತ್ತಲಿಲ್ಲ.

ಸನ್-ಟೈಮ್ಸ್ ಪಟ್ಟಿಯ ವಿಷಯವನ್ನು ಕನ್ನಡ ತರಗತಿಯ ದೊಡ್ಡ ಮಕ್ಕಳಿಗೆ ಹೇಳಿದೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ನಮ್ಮ ನ್ಯೂಸ್‌ಲೆಟರ್ ಯಾರು ಚೆಕ್ ಮಾಡ್ತಾರೆ?" ನಾನೊಬ್ಬಳೇ ಅಂದೆ. "ಮತ್ತೆ ನೀವು ಬರೆದಿದ್ದು?" ಅಂದಳು. ನ್ಯಾಯವಾದ ಪ್ರಶ್ನೆ. ನಮ್ಮ ವಾಟ್ಸಾಪ್ ಗುಂಪಿಗೂ ಅದು ಸಲ್ಲುತ್ತದೆ. ವೀಸಾ ನಿಯಮ, ಮನೆಮದ್ದು, ಯಾರದೋ ಸಾವಿನ ಸುದ್ದಿ, ಎಲ್ಲವನ್ನೂ ಊರಿನ ಸುದ್ದಿಗೆ ಹಸಿದವರು ನಂಬಿಬಿಡುತ್ತಾರೆ. ದಯವಿಟ್ಟು ಮೂಲ ನೋಡದೆ ಮುಂದಕ್ಕೆ ಕಳಿಸಬೇಡಿ.

ಈ ಸಂಚಿಕೆಯಿಂದ ಎರಡನೇ ಪುಟದ ಮೇಲ್ಭಾಗದಲ್ಲಿ ತಿದ್ದುಪಡಿಗೆಂದೇ ಜಾಗವಿರುತ್ತದೆ. ತಪ್ಪು ಕಂಡವರು ಸಂಕೋಚವಿಲ್ಲದೆ ಬರೆಯಿರಿ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು: ಬೇಸಿಗೆ ವನಭೋಜನ ಜುಲೈ ಎರಡನೇ ಶನಿವಾರ, ಪುಳಿಯೋಗರೆ–ಮೊಸರನ್ನದ ಹೊಣೆ ಹೊತ್ತವರು ತಟ್ಟೆ ಲೋಟ ತರಬೇಕಿಲ್ಲ. ಕನ್ನಡ ತರಗತಿಗೆ ನೋಂದಣಿ ಆಗಸ್ಟ್ ಕೊನೆಯವರೆಗೆ. ಗೌರಿ-ಗಣೇಶ ಹಬ್ಬದ ನಾಟಕಕ್ಕೆ ಇಬ್ಬರು ಹಿರಿಯ ಪಾತ್ರಧಾರಿಗಳು ಇನ್ನೂ ಬೇಕು. ಪುಸ್ತಕ ವಿನಿಮಯದ ಮೇಜು ವನಭೋಜನದಲ್ಲೇ ಇರುತ್ತದೆ, ಓದಿ ಮುಗಿಸಿದ ಕನ್ನಡ ಪುಸ್ತಕ ತನ್ನಿ.

ಕರಡು ತಿದ್ದಲು ಇಬ್ಬರು ಬೇಕು. ತಿಂಗಳಿಗೆ ಒಂದು ಸಂಜೆಯ ಕೆಲಸ. ಹೆಸರು, ತಾರೀಕು, ಅಂಕಿ ಇಷ್ಟನ್ನು ಮೂಲದೊಂದಿಗೆ ತಾಳೆ ನೋಡಿದರೂ ಸಾಕು. ಹಗಲು ಕಚೇರಿ, ರಾತ್ರಿ ಅಡುಗೆಮನೆ ಮುಗಿಸಿ ಕೂತಾಗ ನನ್ನ ಕಣ್ಣು ಈಗ ಅಕ್ಷರದ ಮೇಲೆ ನಿಲ್ಲುತ್ತಿಲ್ಲ. ಯಾರಾದರೂ ಬನ್ನಿ. ವನಭೋಜನದಲ್ಲಿ ನೋಂದಣಿ ಮೇಜಿನ ಹತ್ತಿರವೇ ಇರುತ್ತೇನೆ.

– ಸಂಪಾದಕಿ